ಪುಟ್ಟ ಮಕ್ಕಳೊಂದಿಗೆ ಪಾರ್ಕ್ ಪ್ರವಾಸ: ಕೂಸಿನ ಗಾಡಿ ಬೇಕೇ, ಕಂಕುಳೇ ಸಾಕೇ?



ಸಂಘದಿಂದ ಕುಟುಂಬ ಪ್ರವಾಸ ಎಂದು ಪ್ರಕಟಿಸಿದ ಕೂಡಲೇ ನಮಗೆ ಬರುವ ಮೊದಲ ಪ್ರಶ್ನೆ ದಿನಾಂಕದ್ದು, ಎರಡನೆಯದು ಬಸ್ಸಿನ ದರದ್ದು. ಮೂರನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ತಾಯಂದಿರು ಸ್ವಲ್ಪ ಹಿಂಜರಿಯುತ್ತಲೇ ಕೇಳುತ್ತಾರೆ: "ಮಗುಗೆ ಎರಡು ವರ್ಷ, ನಡೆಯುತ್ತೆ. ಆದರೂ ಸ್ಟ್ರಾಲರ್ ತರಬೇಕಾ?" ಇದಕ್ಕೆ ಗುಂಪಿನಲ್ಲಿ ಎರಡು ಬಗೆಯ ಉತ್ತರ ಬರುತ್ತದೆ. "ನಾವೆಲ್ಲ ಕಂಕುಳಲ್ಲೇ ಮಕ್ಕಳನ್ನು ಸಾಕಿದ್ದು, ಗಾಡಿ ಯಾಕೆ?" ಎಂದು ಹಿರಿಯರು ಹೇಳುತ್ತಾರೆ. ಅಮೆರಿಕದಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋಗಿಬಂದವರು "ಅಲ್ಲಿ ಗಾಡಿ ಇಲ್ಲದೆ ಯಾರೂ ಹೊರಡೋದೇ ಇಲ್ಲ" ಎನ್ನುತ್ತಾರೆ. ಈ ಚರ್ಚೆಯ ನಡುವೆ ಒಂದೆರಡು ಕುಟುಂಬಗಳು "ಮಗು ಸ್ವಲ್ಪ ದೊಡ್ಡದಾಗಲಿ, ಮುಂದಿನ ಸಲ ಬರ್ತೀವಿ" ಎಂದು ಹಿಂದೆ ಸರಿಯುತ್ತವೆ. ಬಂದ ಕುಟುಂಬಗಳಲ್ಲೂ ತಾಯಿಯೋ ಅಜ್ಜಿಯೋ ಇಡೀ ದಿನ ಮಗುವನ್ನೂ ಚೀಲವನ್ನೂ ಹಿಡಿದುಕೊಂಡು ಮರದ ಕೆಳಗೆ ಕೂತು ವಾಪಸಾಗುತ್ತಾರೆ.

ಹೀಗಾಗಬಾರದು ಎಂಬುದಕ್ಕಾಗಿ ಈ ಲೇಖನ. ಹೊಸೂರು ಭಾಗದ ನಮ್ಮ ಕುಟುಂಬಗಳು ಹೆಚ್ಚಾಗಿ ಹೋಗುವುದು ಬಿಡದಿಯ ವಂಡರ್‌ಲಾಕ್ಕೆ. ಆದ್ದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಬೇರೆ ಪಾರ್ಕುಗಳಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಮೊದಲು ಚಿಕ್ಕ ಉತ್ತರ

ಮಗು ಇನ್ನೂ ಹಗಲು ಮಲಗುತ್ತದೆ ಎಂದಾದರೆ ಗಾಡಿ ಬೇಕು. ಹಗಲು ನಿದ್ದೆ ಬಿಟ್ಟು, ಚೆನ್ನಾಗಿ ನಡೆಯುವ ಮಗುವಾದರೆ ಬೇಡ. ವಯಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ, ಆರು ತಿಂಗಳಿಂದ ಸುಮಾರು ಮೂರೂವರೆ ವರ್ಷದವರೆಗಿನ ಮಕ್ಕಳಿಗೆ ಹಗುರವಾದ, ಮಡಚುವ ಗಾಡಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಮಗುವಿಗೆ ನಡೆಯಲು ಬರುತ್ತದೆಯೇ ಎನ್ನುವುದಕ್ಕಿಂತ, ಮಧ್ಯಾಹ್ನ ಒಂದು ಗಂಟೆಗೆ ಅದು ಎಲ್ಲಿ ಮಲಗುತ್ತದೆ, ಯಾರ ತೋಳಿನಲ್ಲಿ ಎನ್ನುವುದನ್ನು ಮೊದಲು ಯೋಚಿಸಬೇಕು.

ದೂರ ಎಷ್ಟು, ಭಾರ ಎಷ್ಟು

ಬಿಡದಿಯ ವಂಡರ್‌ಲಾ 2005ರಲ್ಲಿ ಆರಂಭವಾಯಿತು. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿ.ಮೀ. ದೂರ. ವಿಸ್ತೀರ್ಣ ಸುಮಾರು 82 ಎಕರೆ. ಅಷ್ಟು ಜಾಗವನ್ನು ಚೌಕವೆಂದುಕೊಂಡರೆ ಒಂದು ಬದಿಯ ಉದ್ದ ಆರುನೂರು ಮೀಟರಿಗೂ ಸ್ವಲ್ಪ ಕಡಿಮೆ. ಕೇಳಿದರೆ ಹೆಚ್ಚೆನಿಸುವುದಿಲ್ಲ. ಆದರೆ ಪಾರ್ಕಿನಲ್ಲಿ ಯಾರೂ ನೇರ ಗೆರೆಯಲ್ಲಿ ನಡೆಯುವುದಿಲ್ಲ. ಗೇಟಿನಿಂದ ಒಣ ಆಟಗಳ ಕಡೆಗೆ, ಅಲ್ಲಿಂದ ಶೌಚಾಲಯಕ್ಕೆ, ಊಟಕ್ಕೆ, ಲಾಕರಿಗೆ, ನೀರಿನ ಆಟಗಳಿಗೆ, ಮತ್ತೆ ಮರೆತ ಟವೆಲಿಗಾಗಿ ಲಾಕರಿಗೆ, ಹೀಗೆ ಸಂಜೆಯ ಹೊತ್ತಿಗೆ ದೊಡ್ಡವರು ಕೆಲವು ಕಿಲೋಮೀಟರು ನಡೆದಿರುತ್ತಾರೆ. ಅದರ ಜೊತೆಗೆ ಸಾಲಿನಲ್ಲಿ ನಿಂತ ಹೊತ್ತು ಬೇರೆ. ನಡೆಯುವುದಕ್ಕಿಂತ ನಿಲ್ಲುವುದೇ ಮಕ್ಕಳನ್ನು ಹೆಚ್ಚು ದಣಿಸುತ್ತದೆ.

ಇನ್ನು ಭಾರದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಒಂದು ವರ್ಷದ ಮಗುವಿನ ಮಧ್ಯಮ ತೂಕ ಒಂಬತ್ತು ಕೆ.ಜಿ.ಯ ಆಸುಪಾಸು. ಎರಡು ವರ್ಷಕ್ಕೆ ಸುಮಾರು 12, ಮೂರಕ್ಕೆ 14, ನಾಲ್ಕಕ್ಕೆ 16 ಕೆ.ಜಿ. ಎರಡು ವರ್ಷದ ಕೂಸನ್ನು ಎತ್ತಿಕೊಳ್ಳುವುದೆಂದರೆ ಮುಕ್ಕಾಲು ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡಂತೆ. ಬಾವಿಯಿಂದ ಮನೆಗೆ ತಂದು ಇಳಿಸುವ ಕೊಡ ಒಂದು ಬಗೆ, ಮೂರು ಗಂಟೆ ಇಳಿಸಲಾಗದ ಕೊಡ ಇನ್ನೊಂದು ಬಗೆ. ಎಚ್ಚರವಿರುವ ಮಗು ಕಾಲಿನಿಂದ ಸೊಂಟವನ್ನು ಅಪ್ಪಿ ಹಿಡಿದು ಸ್ವಲ್ಪ ಭಾರವನ್ನು ತಾನೇ ತಡೆದುಕೊಳ್ಳುತ್ತದೆ. ನಿದ್ದೆ ಹೋದ ಮಗು ಹಾಗೆ ಹಿಡಿದುಕೊಳ್ಳುವುದಿಲ್ಲ, ಪೂರ್ತಿ ಭಾರ ತೋಳಿನ ಮೇಲೆಯೇ.

"ನಾವು ಕಂಕುಳಲ್ಲೇ ಸಾಕಿದ್ದು" ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ಆಗ ಮನೆಯಲ್ಲಿ ಎತ್ತಿಕೊಳ್ಳುವ ಕೈಗಳು ಹೆಚ್ಚಿದ್ದವು. ಅತ್ತೆ, ಚಿಕ್ಕಮ್ಮ, ಅಕ್ಕಂದಿರ ನಡುವೆ ಮಗು ಕೈಯಿಂದ ಕೈಗೆ ಹೋಗುತ್ತಿತ್ತು. ಹೊಲದ ಕೆಲಸಕ್ಕೆ ಹೋದರೂ ಹೊಂಗೆ ಮರಕ್ಕೆ ಹಳೆ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಪಾರ್ಕಿನಲ್ಲಿ ಜೋಲಿ ಕಟ್ಟಲು ಬಿಡುವುದಿಲ್ಲ. ಕೈಗಳೋ ಎರಡು ಅಥವಾ ನಾಲ್ಕು. ಜೋಲಿ ಮಾಡುತ್ತಿದ್ದ ಕೆಲಸವನ್ನೇ ಅಲ್ಲಿ ಗಾಡಿ ಮಾಡುತ್ತದೆ ಎಂದುಕೊಂಡರೆ ಸರಿ.

ನಿದ್ದೆಯ ಲೆಕ್ಕ

ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರು-ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೇಳುತ್ತದೆ. ಈಗ ನಮ್ಮ ಪ್ರವಾಸದ ದಿನವನ್ನು ನೋಡಿ. ಹೊಸೂರಿನಿಂದ ಅತ್ತಿಬೆಲೆ, ಎಲೆಕ್ಟ್ರಾನಿಕ್ ಸಿಟಿ ದಾಟಿ ನೈಸ್ ರಸ್ತೆ ಹಿಡಿದು ಬಿಡದಿ ಸೇರಬೇಕು. ಪಾರ್ಕ್ ತೆರೆಯುವ ಹೊತ್ತಿಗೆ ಅಲ್ಲಿರಬೇಕೆಂದರೆ ಮಗುವನ್ನು ಬೆಳಿಗ್ಗೆ ಆರಕ್ಕೇ ಎಬ್ಬಿಸಬೇಕು. ಬಸ್ಸಿನಲ್ಲಿ ಅಂತ್ಯಾಕ್ಷರಿ, ಗದ್ದಲ. ಮಗು ಅಲ್ಲೂ ಮಲಗುವುದಿಲ್ಲ. ಹನ್ನೆರಡೂವರೆಗೆ ಊಟವಾದ ಮೇಲೆ ನಿದ್ದೆ ಬಂದೇ ಬರುತ್ತದೆ. ದೊಡ್ಡ ಮಕ್ಕಳು ನೀರಿಗೆ ಇಳಿಯಬೇಕೆಂದು ಹಟ ಹಿಡಿಯುವುದೂ ಸರಿಯಾಗಿ ಆಗಲೇ.

ಮಲಗಲು ಜಾಗವಿದ್ದ ಮಗು ಒಂದು ಗಂಟೆ ನಿದ್ದೆ ತೆಗೆದು ಎದ್ದು ಸಂಜೆಯವರೆಗೆ ನಗುನಗುತ್ತಾ ಇರುತ್ತದೆ. ನಿದ್ದೆ ತಪ್ಪಿದ ಮಗು ಮೂರು ಗಂಟೆಗೆ ಅಳಲು ಆರಂಭಿಸಿ ಬಸ್ಸು ಹತ್ತುವವರೆಗೂ ಅಳುತ್ತದೆ. ಅದರ ಅಕ್ಕನ ದಿನವೂ ಅಮ್ಮನ ದಿನವೂ ಅಲ್ಲಿಗೇ ಮುಗಿಯುತ್ತದೆ.

ವಯಸ್ಸಿಗೆ ತಕ್ಕಂತೆ

ಆರು ತಿಂಗಳೊಳಗಿನ ಹಸುಗೂಸು: ಕುತ್ತಿಗೆ, ಬೆನ್ನು ಗಟ್ಟಿಯಾಗುವ ಮೊದಲು ನೆಟ್ಟಗೆ ಕೂರುವ ಗಾಡಿ ಸಲ್ಲದು. ಪೂರ್ತಿ ಮಲಗಿಸಬಹುದಾದ ಗಾಡಿ ಇದ್ದರೆ ಮಾತ್ರ ತನ್ನಿ. ಇಲ್ಲವಾದರೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಅನುಕೂಲ. ಕಟ್ಟಿಕೊಂಡಾಗ ಮಗುವಿನ ಮುಖ ನಿಮಗೆ ಸದಾ ಕಾಣುತ್ತಿರಬೇಕು, ಗಲ್ಲ ಅದರ ಎದೆಗೆ ಅಂಟಿಕೊಂಡಿರಬಾರದು, ಮೂಗು-ಬಾಯಿ ಬಟ್ಟೆಯಲ್ಲಿ ಹುದುಗಿರಬಾರದು, ಮೊಣಕಾಲು ಕುಂಡೆಗಿಂತ ಸ್ವಲ್ಪ ಮೇಲಿರಬೇಕು. ಎದೆಗೆ ಮಗುವನ್ನು ಕಟ್ಟಿಕೊಂಡು ಯಾವ ಆಟಕ್ಕೂ ಹತ್ತಬಾರದು. ಇಷ್ಟು ಪುಟ್ಟ ಮಗುವಿಗೆ ಪಾರ್ಕಿನಲ್ಲಿ ಆಡಲು ಏನೂ ಇಲ್ಲ. ಅಕ್ಕನೋ ಅಣ್ಣನೋ ಇದ್ದಾರೆಂದು ಬರುವುದಾದರೆ, ಸರದಿಯ ಮೇಲೆ ಎತ್ತಿಕೊಳ್ಳಲು ಇಬ್ಬರು ದೊಡ್ಡವರಾದರೂ ಜೊತೆಗಿರಲಿ.

ಆರು ತಿಂಗಳಿಂದ ಎರಡು ವರ್ಷ: ಗಾಡಿ ತನ್ನಿ. ಒರಗಿಸಿ ಮಲಗಿಸಲು ಬರುವ ಬೆನ್ನು, ಬಿಸಿಲು ತಡೆಯುವ ಮೇಲ್ಛಾವಣಿ, ಸೊಂಟ ಮತ್ತು ಹೆಗಲಿನ ಬೆಲ್ಟ್, ಗಟ್ಟಿಯಾದ ಬ್ರೇಕ್ ಈ ನಾಲ್ಕು ಇದ್ದರೆ ಸಾಕು.

ಎರಡರಿಂದ ಮೂರೂವರೆ ವರ್ಷ: ನಮಗೆ ಹೆಚ್ಚು ಪ್ರಶ್ನೆ ಬರುವುದು ಈ ವಯಸ್ಸಿನವರ ಬಗ್ಗೆ. ಬೆಳಿಗ್ಗೆ ಇವರು ಗಾಡಿಯಲ್ಲಿ ಕೂರಲು ಒಪ್ಪುವುದೇ ಇಲ್ಲ, ಓಡುತ್ತಾರೆ. "ಸುಮ್ಮನೆ ತಂದೆವು" ಎಂದು ಆಗ ಅನಿಸುತ್ತದೆ. ಊಟದ ನಂತರ ತಾವಾಗಿಯೇ ಬಂದು ಹತ್ತಿ ಕೂರುತ್ತಾರೆ. ಬೆಳಿಗ್ಗೆ ಖಾಲಿ ಗಾಡಿಯಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ತಳ್ಳಿ, ಬೇಸರ ಮಾಡಿಕೊಳ್ಳಬೇಡಿ.

ನಾಲ್ಕು ವರ್ಷ ಮೇಲ್ಪಟ್ಟು: ಸಾಮಾನ್ಯವಾಗಿ ಬೇಡ. ಹಲವು ಗಾಡಿಗಳ ಮಿತಿ 15 ಕೆ.ಜಿ. ಮಾತ್ರ, ಈ ವಯಸ್ಸಿಗೆ ಮಗು ಅದನ್ನು ದಾಟಿರುತ್ತದೆ. ಅಪ್ಪನ ಬೆನ್ನ ಮೇಲೆ ಐದು ನಿಮಿಷ ಉಪ್ಪಿನ ಮೂಟೆ, ನೆರಳಲ್ಲಿ ಅರ್ಧ ಗಂಟೆ ವಿಶ್ರಾಂತಿ, ಒಂದು ಮಜ್ಜಿಗೆ ಇಷ್ಟಾದರೆ ಮತ್ತೆ ಹೊರಡುತ್ತಾರೆ. ನಡೆಯಲು ತೊಂದರೆಯಿರುವ ಅಥವಾ ಗದ್ದಲಕ್ಕೆ ಬೇಗ ಬೆದರುವ ಮಕ್ಕಳಿಗೆ ಈ ವಯಸ್ಸಿನ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಗಾಡಿ ಬೇಕಾದರೆ ಎಷ್ಟೇ ದೊಡ್ಡವರಾಗಿದ್ದರೂ ತನ್ನಿ. ಯಾರೂ ಏನೂ ಅನ್ನುವುದಿಲ್ಲ, ಅನ್ನಲೂ ಬಾರದು.

ಅಮೆರಿಕದ ಸಲಹೆ ಇಲ್ಲಿಗೆ ಎಷ್ಟು ಹೊಂದುತ್ತದೆ

"ಗಾಡಿ ಇಲ್ಲದೆ ಹೋಗಲೇಬೇಡಿ, ಆರು ವರ್ಷದವರಿಗೂ ಬೇಕು" ಎಂಬ ಸಲಹೆ ಹೆಚ್ಚಾಗಿ ಬರುವುದು ಫ್ಲಾರಿಡಾದ ಡಿಸ್ನಿ ವರ್ಲ್ಡ್ ನೋಡಿದವರಿಂದ. ಅಲ್ಲಿ ಒಂದಲ್ಲ, ನಾಲ್ಕು ಥೀಮ್ ಪಾರ್ಕುಗಳಿವೆ. ಜನ ಮೂರು-ನಾಲ್ಕು ದಿನ ಸತತವಾಗಿ ನಡೆಯುತ್ತಾರೆ. ಗಾಡಿ ಬಾಡಿಗೆಗೂ ಸಿಗುತ್ತದೆ. ಗಾಡಿಗಳ ಸಂಖ್ಯೆ ಎಷ್ಟೆಂದರೆ, 2019ರ ಮೇ 1ರಿಂದ 31 ಇಂಚಿಗಿಂತ ಅಗಲದ ಅಥವಾ 52 ಇಂಚಿಗಿಂತ ಉದ್ದದ ಗಾಡಿಗಳನ್ನು ಒಳಗೆ ಬಿಡುವುದಿಲ್ಲವೆಂದು ನಿಯಮ ಮಾಡಿದರು. ನಮ್ಮದು ಒಂದು ದಿನದ ಪ್ರವಾಸ, ಒಂದೇ ಪಾರ್ಕು, ಅದರಲ್ಲೂ ಅರ್ಧ ದಿನ ನೀರಿನಲ್ಲಿ. ಐದಾರು ವರ್ಷದವರಿಗೆ ಗಾಡಿ ಬೇಕೆಂಬ ಅಲ್ಲಿನ ಮಾತನ್ನು ಇಲ್ಲಿಗೆ ತರಬೇಕಾಗಿಲ್ಲ.

ಅಲ್ಲಿಂದ ಕಲಿಯಬಹುದಾದ ಒಂದು ಒಳ್ಳೆಯ ಪದ್ಧತಿ ಇದೆ. ದೊಡ್ಡ ಆಟಕ್ಕೆ ಮಗುವನ್ನು ಬಿಡದಿದ್ದಾಗ ತಂದೆ-ತಾಯಿಯಲ್ಲಿ ಒಬ್ಬರು ಮಗುವಿನ ಜೊತೆ ಹೊರಗಿರುತ್ತಾರೆ. ಇನ್ನೊಬ್ಬರು ಆಡಿ ಬಂದ ಮೇಲೆ ಹೊರಗಿದ್ದವರನ್ನು ಮತ್ತೆ ಉದ್ದ ಸಾಲಿನಲ್ಲಿ ನಿಲ್ಲಿಸದೆ ಬಿಡುತ್ತಾರೆ. ನಾವು ಸಂಘದ ಮಟ್ಟದಲ್ಲೇ ಇಂಥ ಸರದಿ ಮಾಡಿಕೊಳ್ಳಬಹುದು. ಮೂರು ಕುಟುಂಬಗಳು ಸೇರಿ ಒಂದು ನೆರಳಿನ ಜಾಗ ಗೊತ್ತುಮಾಡಿಕೊಂಡು, ಮಲಗಿದ ಮಕ್ಕಳ ಗಾಡಿಗಳನ್ನು ಅಲ್ಲಿ ನಿಲ್ಲಿಸಿ, ಅರ್ಧ ಗಂಟೆಗೊಬ್ಬರಂತೆ ದೊಡ್ಡವರು ಕಾಯಬಹುದು. ಕಾಯುವುದು ಅಜ್ಜಿಯಂದಿರ ಕೆಲಸ ಎಂದು ಮೊದಲೇ ತೀರ್ಮಾನಿಸಬೇಡಿ. ಅಪ್ಪಂದಿರ ಹೆಸರೂ ಆ ಸರದಿಯಲ್ಲಿ ಇರಲಿ. ಅಲೆಗಳ ಕೊಳದಲ್ಲಿ ಕಾಲು ನೆನೆಸುವ ಆಸೆ ಅಜ್ಜಿಗೂ ಇರುತ್ತದೆ.

ಎಂಥ ಗಾಡಿ

ಇಂದು ಕಾಣುವ, ಕೊಡೆಯಂತೆ ಮಡಚುವ ಗಾಡಿಯನ್ನು ರೂಪಿಸಿದವರು ಬ್ರಿಟನ್ನಿನ ಓವೆನ್ ಮ್ಯಾಕ್ಲಾರೆನ್. ಯುದ್ಧವಿಮಾನದ ಚಕ್ರಗಳ ಜೋಡಣೆಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್ ಅವರು. 1965ರಲ್ಲಿ ಅವರು ಪೇಟೆಂಟ್‌ಗೆ ಸಲ್ಲಿಸಿದ ಅಲ್ಯೂಮಿನಿಯಂ ಗಾಡಿ ಮೂರು ಕೆ.ಜಿ.ಗೂ ಕಡಿಮೆ ತೂಗುತ್ತಿತ್ತು. ಬಸ್ ಪ್ರವಾಸಕ್ಕೆ ಇಂಥ ಹಗುರ ಜಾತಿಯೇ ಸರಿ. ಉಡುಗೊರೆಯಾಗಿ ಬಂದ ದೊಡ್ಡ ಪ್ರಾಮ್ ಮನೆಯಲ್ಲೇ ಇರಲಿ, ಅದು ಬಸ್ಸಿನ ಡಿಕ್ಕಿಯಲ್ಲಿ ನಾಲ್ಕು ಕುಟುಂಬಗಳ ಜಾಗ ತಿನ್ನುತ್ತದೆ.

ಈ ಪ್ರವಾಸಕ್ಕೆಂದೇ ಹೊಸದು ಕೊಳ್ಳಬೇಡಿ. ನಮ್ಮ ಸದಸ್ಯರ ಮನೆಗಳ ಅಟ್ಟದ ಮೇಲೆ, ಮಕ್ಕಳು ಬೆಳೆದ ನಂತರ ಸುಮ್ಮನೆ ಕೂತಿರುವ ಗಾಡಿಗಳಿವೆ. ಪ್ರವಾಸಕ್ಕೆ ಎರವಲು ಕೊಡಲು ಒಪ್ಪುವವರು ತಿಳಿಸಿದರೆ, ಬೇಕಾದವರಿಗೆ ನಾವು ಹೊಂದಿಸುತ್ತೇವೆ. ಎರವಲು ಪಡೆದವರು ಹೊರಡುವ ಹಿಂದಿನ ದಿನವೇ ಬ್ರೇಕ್ ಹಿಡಿಯುತ್ತದೆಯೇ, ಮಡಚುವ ಕೊಂಡಿ ಸರಿಯಾಗಿ ಕೂರುತ್ತದೆಯೇ, ಬೆಲ್ಟ್ ಗಟ್ಟಿಯಿದೆಯೇ ಎಂದು ನೋಡಿಕೊಳ್ಳಿ. ಪಾರ್ಕಿನಲ್ಲಿ ಗಾಡಿ ಬಾಡಿಗೆಗೆ ಸಿಗಬಹುದೆಂದು ನಂಬಿ ಬರಬೇಡಿ. ಮೊದಲೇ ದೂರವಾಣಿಯಲ್ಲಿ ವಿಚಾರಿಸಿ.

ಪಾರ್ಕಿನಲ್ಲಿ ಗಮನಿಸಬೇಕಾದದ್ದು

1. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. ಹಲವು ಆಟಗಳಿಗೂ ಎತ್ತರದ ಮಿತಿ ಇದೆ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು ಬನ್ನಿ. ಮಗು ಯಾವ ಆಟ ಆಡಬಹುದು, ಎಷ್ಟು ಹೊತ್ತು ಗಾಡಿಯಲ್ಲಿರಬೇಕಾಗುತ್ತದೆ ಎಂಬ ಅಂದಾಜು ಸಿಗುತ್ತದೆ.

2. ಗಾಡಿಯ ಉಪಯೋಗ ಒಣ ಭಾಗದಲ್ಲಿ. ನೀರಿನ ಕೊಳಗಳ ಬಳಿ ನೆಲ ಒದ್ದೆಯಿದ್ದು ಜಾರುತ್ತದೆ. ಅಲ್ಲಿ ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ಬ್ರೇಕ್ ಹಾಕಿ. ಮಗುವನ್ನು ಕೂರಿಸಿ ಕೊಳದಂಚಿಗೆ ತಳ್ಳಿಕೊಂಡು ಹೋಗಲೇಬೇಡಿ.

3. ಹಿಡಿಕೆಗೆ ಭಾರದ ಚೀಲ ನೇತುಹಾಕಬೇಡಿ. ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಚೀಲ ಕೆಳಗಿನ ಬುಟ್ಟಿಯಲ್ಲಿರಲಿ. ಹಣ, ಮೊಬೈಲ್ ಲಾಕರಿನಲ್ಲಿರಲಿ.

4. ಬಿಸಿಲಿಗೆಂದು ಗಾಡಿಯ ಮೇಲೆ ಟವೆಲ್ ಅಥವಾ ಶಾಲು ಪೂರ್ತಿ ಹೊದಿಸಬೇಡಿ. ಒಳಗೆ ಗಾಳಿಯಾಡದೆ ಬಿಸಿ ಏರುತ್ತದೆ, ಮಗುವೂ ಕಾಣುವುದಿಲ್ಲ. ನೆರಳಿಗೆ ಸರಿಸುವುದೇ ಸರಿಯಾದ ದಾರಿ. ಬಿಸಿಲಲ್ಲಿ ನಿಂತಿದ್ದ ಗಾಡಿಯ ಕೊಂಡಿಯನ್ನು ಮುಟ್ಟಿ ನೋಡಿ ನಂತರ ಕೂರಿಸಿ.

5. ಒಂದು ಗಂಟೆಗಿಂತ ಹೆಚ್ಚು ಹೊತ್ತು ಮಗುವನ್ನು ಗಾಡಿಯಲ್ಲೇ ಕಟ್ಟಿ ಕೂರಿಸಬೇಡಿ. ಮೇಲೆ ಹೇಳಿದ 2019ರ ಮಾರ್ಗಸೂಚಿಯಲ್ಲೂ ಇದೇ ಮಾತಿದೆ. ಮಕ್ಕಳಿಗೆ ದಿನವೂ ಓಡಾಟ ಬೇಕು. ಗಾಡಿ ಇರುವುದು ದಣಿವಿಗೆ ಮತ್ತು ನಿದ್ದೆಗೆ, ಓಡುವ ಮಗುವನ್ನು ತಡೆದಿಡುವುದಕ್ಕಲ್ಲ.

6. ಗಾಡಿ ಇದೆ ಎಂದು ಮೈಮರೆಯಬೇಡಿ, ಇಳಿದ ಮಗು ಕಣ್ಮರೆಯಾಗಲು ಅರ್ಧ ನಿಮಿಷ ಸಾಕು. ಮಗುವಿನ ಕೈಪಟ್ಟಿಯ ಒಳಬದಿಯಲ್ಲಿ ಮೊಬೈಲ್ ಸಂಖ್ಯೆ ಬರೆಯಿರಿ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತೆಲುಗು ಎಂದು ಮೂರು ಭಾಷೆಗಳ ನಡುವೆ ಬೆಳೆಯುವವರು. ಗಾಬರಿಯಾದಾಗ ಯಾವ ಭಾಷೆಯಲ್ಲಿ ಉತ್ತರಿಸುತ್ತಾರೋ ಹೇಳಲಾಗದು. ಅಂಕಿಗಳನ್ನಾದರೆ ಯಾರು ಬೇಕಾದರೂ ಓದಬಹುದು.

7. ಹೊರಗಿನ ತಿಂಡಿಗೆ ಪಾರ್ಕುಗಳಲ್ಲಿ ನಿರ್ಬಂಧ ಇರುತ್ತದೆ. ಮಗುವಿನ ರಾಗಿ ಸರಿ, ಹಾಲಿನ ಪುಡಿಗೆ ಅವಕಾಶ ಹೇಗೆ ಎಂಬುದನ್ನೂ ಹಾಲೂಡಿಸುವ ಕೋಣೆ ಎಲ್ಲಿದೆ ಎಂಬುದನ್ನೂ ಗೇಟಿನಲ್ಲೇ ಕೇಳಿ ಒಳಗೆ ಹೋಗಿ.

ಬಸ್ಸಿನಲ್ಲಿ ಗಾಡಿಗಳನ್ನು ಮಡಚಿ ಡಿಕ್ಕಿಗೆ ಹಾಕುತ್ತೇವೆ. ಓಡಾಡುವ ಜಾಗದಲ್ಲಿ ಇಡುವಂತಿಲ್ಲ, ಚಲಿಸುವ ಬಸ್ಸಿನಲ್ಲಿ ಮಗುವನ್ನು ಗಾಡಿಯಲ್ಲಿ ಕೂರಿಸುವಂತಿಲ್ಲ. ಒಂದೇ ಬಣ್ಣದ ಗಾಡಿಗಳು ಅದಲುಬದಲಾಗದಂತೆ ಹಿಡಿಕೆಗೆ ಒಂದು ರಿಬ್ಬನ್ ಕಟ್ಟಿ, ಹೆಸರು ಬರೆದಿಡಿ.

ಗಾಡಿ ಬೇಡದ ಜಾಗಗಳು

ಎಲ್ಲ ಕಡೆಗೂ ಇದೇ ಉತ್ತರವಲ್ಲ. ಮೈಸೂರಿನ ಮೃಗಾಲಯದಂಥ ಕಡೆ ದಾರಿ ಉದ್ದ, ಆದರೆ ಚೆನ್ನಾಗಿದೆ. ಅಲ್ಲಿ ಗಾಡಿ ಬಹಳ ಅನುಕೂಲ. ಮಂಗಳವಾರ ರಜೆ ಎಂಬುದು ನೆನಪಿರಲಿ. ಬೆಟ್ಟದ ಮೆಟ್ಟಿಲು, ದೇವಸ್ಥಾನದ ಸಾಲು, ಸಂತೆ, ಜಾತ್ರೆಗಳಿಗೆ ಗಾಡಿ ಹೊರೆಯೇ. ನಮ್ಮೂರ ಚಂದ್ರಚೂಡೇಶ್ವರನ ತೇರಿನ ದಿನ ಯಾರೂ ಗಾಡಿ ತರುವುದಿಲ್ಲ, ತರಲೂ ಬಾರದು. ಆ ಜನಜಂಗುಳಿಯಲ್ಲಿ ಮಗು ಇರಬೇಕಾದದ್ದು ಅಪ್ಪನ ಹೆಗಲ ಮೇಲೆ. ಅಲ್ಲಿಂದಲೇ ತೇರೂ ಚೆನ್ನಾಗಿ ಕಾಣುತ್ತದೆ.

ಬಂಧುಗಳಲ್ಲಿ ಮನವಿ

ಮುಂದಿನ ಪ್ರವಾಸದ ದಿನಾಂಕ ಮತ್ತು ದರವನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಹೆಸರು ಕೊಡುವಾಗ ಮಕ್ಕಳ ವಯಸ್ಸು, ಗಾಡಿ ತರುತ್ತೀರಾ, ಎರವಲು ಬೇಕೇ, ಅಥವಾ ಕೊಡಬಲ್ಲಿರಾ ಎಂಬುದನ್ನೂ ತಿಳಿಸಿ. ಡಿಕ್ಕಿಯ ಜಾಗ, ಮುಂದಿನ ಸೀಟುಗಳು ಮತ್ತು ಮಕ್ಕಳನ್ನು ಕಾಯುವ ಸರದಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಲು ನಮಗೆ ಸುಲಭವಾಗುತ್ತದೆ.

ಪುಟ್ಟ ಮಗುವಿದೆ ಎಂಬ ಕಾರಣಕ್ಕೆ ಮನೆಯಲ್ಲಿ ಉಳಿಯುವವರು ಸಾಮಾನ್ಯವಾಗಿ ಹೊಸದಾಗಿ ಮದುವೆಯಾಗಿ ಈ ಊರಿಗೆ ಬಂದವರು, ಇಲ್ಲಿ ಇನ್ನೂ ಹೆಚ್ಚು ಪರಿಚಯ ಇಲ್ಲದವರು. ನಾಲ್ಕು ಜನ ಕನ್ನಡದವರೊಡನೆ ಒಂದು ದಿನ ಕಳೆಯುವ ಅವಕಾಶ ಹೆಚ್ಚು ಬೇಕಾಗಿರುವುದು ಅವರಿಗೇ. ಇಂಥ ಕುಟುಂಬ ನಿಮ್ಮ ಬೀದಿಯಲ್ಲಿದ್ದರೆ ನೀವೇ ಹೋಗಿ ಕರೆಯಿರಿ. ಅಟ್ಟದ ಮೇಲಿನ ಗಾಡಿಯನ್ನು ಒರೆಸಿ ಜೊತೆಗೇ ಒಯ್ದರೆ ಇನ್ನೂ ಒಳ್ಳೆಯದು.